ದೋಣಿ ಹತ್ತಿದವಳ ಕಾಯಿ

ಮೀನು ಕೊಯ್ಯಲು ನನಗೆ ಬರುತ್ತಿತ್ತು. ತೂಗಲು ಬರುತ್ತಿತ್ತು. ಕಣ್ಣು, ಕಿವಿರು ನೋಡಿ ಹಳೆಯ ಬಂಗುಡೆಯನ್ನು ಬದಿಗೆ ಸರಿಸಲೂ ಬರುತ್ತಿತ್ತು. ಕೂಗಲು ಮಾತ್ರ ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ ಮೀನು ಮಾರುವವಳು ಕೂಗದಿದ್ದರೆ ಬುಟ್ಟಿ ಹೇಗೆ ಹೋಗಿತ್ತೋ ಹಾಗೇ ವಾಪಸ್ ಬರುತ್ತದೆ. ಗುಲ್ವಾಡಿಯ ರಸ್ತೆಯಲ್ಲಿ ನನ್ನ ಮೊದಲ ದಿನಗಳು ಹಾಗೇ ಕಳೆದವು. ಒಂದೊಂದು ಮನೆಯ ಗೇಟಿನ ಹತ್ತಿರ ನಿಂತು, ಯಾರಾದರೂ ತಾವಾಗಿ ಹೊರಗೆ ಬಂದಾರೋ ಎಂದು ಕಾಯುತ್ತಿದ್ದೆ. ಬೆಕ್ಕುಗಳು ಬಂದವು, ಗಿರಾಕಿಗಳು ಬರಲಿಲ್ಲ.

ಕಾರಣ ನನ್ನ ಸ್ವರ. ಸೀರೆ ಉಡಲು ಕಲಿತಿದ್ದೆ, ಕೂದಲು ಜಡೆ ಹಾಕುವಷ್ಟು ಬೆಳೆದಿತ್ತು, ಬುಟ್ಟಿ ಹೊತ್ತು ನಡೆಯುವ ಹದವೂ ಸಿಕ್ಕಿತ್ತು. ಸ್ವರ ಮಾತ್ರ ಕಡಲಿನಲ್ಲಿ ಗಾಳಿಗೆ ಎದುರಾಗಿ ಕೂಗಿ ಕೂಗಿ ದಪ್ಪವಾದದ್ದು. ನಾನು ತ್ರಾಸಿ ಹತ್ತಿರದ ಮೀನುಗಾರರ ಮನೆಯಲ್ಲಿ ಗಂಡು ಮಗು ಎಂದು ಹುಟ್ಟಿದವಳು. ಮೊದಲು ಅಪ್ಪನ ಜೊತೆ, ಅವರು ಹೋದ ಮೇಲೆ ಅಣ್ಣನ ಜೊತೆ ದೋಣಿಗೆ ಹೋದವಳು. ನಾನು ಗಂಡಲ್ಲ ಎಂದು ಬಾಯಿಬಿಟ್ಟು ಹೇಳಿದ ದಿನ ಅಣ್ಣ ನನ್ನ ಬಟ್ಟೆಯ ಚೀಲವನ್ನು ಹೈವೇಗೆ ಎಸೆದ.

"ಈ ಹೊಯ್ಗಿ ಮೇಲೆ ಇನ್ನೊಂದ್ ಸಲ ನಿನ್ನ ಕಂಡ್ರೆ ಕಾಲ್ ಮುರೀತೆ" ಅಂದ. ಹೊಯ್ಗೆ ಎಂದರೆ ಕಡಲ ದಂಡೆಯ ಮರಳು.

ಅವನು ಹೇಳಿದ್ದನ್ನು ಮಾಡುವವನೇ. ನಾನು ಮುಂಬಯಿಗೆ ಹೋದೆ. ಅಲ್ಲಿನ ಬದುಕನ್ನು ಇಲ್ಲಿ ಬರೆಯುವುದಿಲ್ಲ, ಅದು ಬೇರೆಯೇ ಕಥೆ. ಊರಿಗೆ ವಾಪಸ್ ಬಂದದ್ದು ಕುಂದಾಪುರದಲ್ಲಿ ದೊಡ್ಡಮ್ಮ ಇದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದ್ದರಿಂದ.

ದೊಡ್ಡಮ್ಮ ಎಂದರೆ ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಮೀನು ಮಾರಿ ಮಕ್ಕಳನ್ನು ದಡ ಹತ್ತಿಸಿದ ಹೆಂಗಸು. ಎಷ್ಟೋ ಹಿಂದೆ, ಅಂಗಡಿ ಅಂಗಡಿಗೆ ಚಪ್ಪಾಳೆ ತಟ್ಟುತ್ತ ಬಂದ ನಮ್ಮಂಥವಳೊಬ್ಬಳನ್ನು ನಿಲ್ಲಿಸಿ, ಕೈಗೆ ಕತ್ತಿ ಕೊಟ್ಟು, "ಚಪ್ಪಾಳಿ ಸಾಕ್, ಈ ಮೀನ್ ಕೊಯ್ದ್ ಕೊಡ್ ಕಾಂಬ" ಅಂದರಂತೆ. ಅವಳೀಗ ಬ್ರಹ್ಮಾವರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳ ನಂತರ ಬಂದವಳು ಬೈಂದೂರಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಪೇಪರಿನವರು ನಮ್ಮನ್ನು ಮಂಗಳಮುಖಿಯರು ಎಂದು ಬರೆಯುತ್ತಾರೆ, ದಾರಿಯವರು ಬಾಯಿಗೆ ಬಂದದ್ದು ಹೇಳುತ್ತಾರೆ. ದೊಡ್ಡಮ್ಮ ಮೊದಲ ದಿನದಿಂದ ನನ್ನನ್ನು ಕರೆದದ್ದು "ಹೆಣ್ಣೇ" ಎಂದು. ಬೈಯುವಾಗಲೂ ಹಾಗೆಯೇ. ದಿನಕ್ಕೆ ಹತ್ತು ಸಲ ಬೈಯುವವರಾದ್ದರಿಂದ ಆ ಕರೆ ನನಗೆ ಧಾರಾಳವಾಗಿ ಸಿಗುತ್ತಿತ್ತು.

ನಾನು ಪೇಟೆಯಲ್ಲಿ ಅವರ ಹಿಂದೆ ಕುಳಿತು ಮೀನು ಕೊಯ್ಯುತ್ತಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಅವರ ಮಂಡಿ ಕೈಕೊಟ್ಟಿತು. ಗುಲ್ವಾಡಿಯ ಮನೆಗಳಿಗೆ ನಾನು ಹೋಗತೊಡಗಿದೆ. ಅದರ ಹಿಂದೆಯೇ ಇನ್ನೊಂದು ಕೆಲಸವೂ ಬಂತು.

"ನಾಳಿಂದ ದಂಡಿಗೂ ನೀನೇ ಹೋಯ್ಕ್" ಅಂದರು ಒಂದು ಸಂಜೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ಹೊಯ್ಗಿಯಲ್ಲಿ ನಂಗೆ ಕಾಲ್ ಎತ್ತುಕೆ ಆತಿಲ್ಲೆ."

ದಂಡೆ ಎಂದರೆ ಮರವಂತೆಯ ದಂಡೆ. ದೊಡ್ಡಮ್ಮ ಮೀನು ಕೊಳ್ಳುತ್ತಿದ್ದುದು ಅಲ್ಲಿನ ಒಂದೇ ದೋಣಿಯಿಂದ. ಆ ದೋಣಿಯ ತಾಂಡೇಲರು, ಅಂದರೆ ದೋಣಿ ನಡೆಸುವ ಹಿರಿಯರು, ಮಾತಿಗೆ ತಪ್ಪದವರು. ಆದರೆ ಅದೇ ದೋಣಿಯಲ್ಲಿ ಹಿಂದುಗಡೆ ಹುಟ್ಟು ಹಿಡಿಯುವವನು ನನ್ನ ಅಣ್ಣ.

"ಅಲ್ಲಿ ಅಣ್ಣ ಇದ್ದ" ಅಂದೆ.

"ಗೊತ್ತಿತ್ತ್."

"ಬೇರೆ ದೋಣಿಯಿಂದ ತತ್ತೆ ದೊಡ್ಡಮ್ಮ."

"ಬೇರೆ ದೋಣಿ ಮೀನ್ ನಂಗ್ ಬ್ಯಾಡ" ಅಂದು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು. "ನಾನೂ ಬತ್ತೆ. ಮೇಲೆ ರಸ್ತಿ ಬದಿ ಕೂಕಂತೆ. ಕೆಳ್ಗೆ ನೀ ಇಳಿ."

ಕಾಲು ಮುರಿಯುವುದು ಹಾಗಿರಲಿ. ಆ ಒಂದು ದಂಡೆಯಿಂದ ನನ್ನನ್ನು ಓಡಿಸಿದರೆ ಸುದ್ದಿ ಉಳಿದ ದಂಡೆಗಳಿಗೂ ಹೋಗುತ್ತದೆ, ಯಾವ ದೋಣಿಯವರೂ ನನಗೆ ಮೀನು ಕೊಡುವುದಿಲ್ಲ. ಮೀನು ಇಲ್ಲದೆ ಗುಲ್ವಾಡಿ ಇಲ್ಲ. ಪುನಃ ಮುಂಬಯಿಯ ರೈಲು ಹತ್ತಬೇಕು. ಆ ರೈಲಿನ ಯೋಚನೆ ಬಂದಾಗ ಅಣ್ಣನ ಹೊಡೆತವೇ ವಾಸಿ ಅನ್ನಿಸುತ್ತಿತ್ತು.

ದಂಡೆಯ ಹರಾಜಿಗೆ ಒಂದು ಕ್ರಮ ಇದೆ. ದೋಣಿ ಬರುವ ಮೊದಲೇ ಹೆಂಗಸರು ಒಂದು ಸಾಲಾಗಿ ನಿಲ್ಲುತ್ತಾರೆ. ಮೀನನ್ನು ಹೊಯ್ಗೆಯ ಮೇಲೆ ರಾಶಿ ರಾಶಿಯಾಗಿ ಸುರಿಯುತ್ತಾರೆ. ತಾಂಡೇಲರು ರೇಟು ಕೂಗುತ್ತಾರೆ, ಹೆಂಗಸರು ಏರಿಸುತ್ತಾರೆ. ರಾಶಿ ಯಾರಿಗೆ ನಿಂತಿತೋ ಅವಳು ತನ್ನ ಸಿಂಬಿಯನ್ನು, ಬುಟ್ಟಿಯ ಅಡಿಗೆ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಯನ್ನು, ಆ ರಾಶಿಯ ಮೇಲೆ ಇಡುತ್ತಾಳೆ. ಸಿಂಬಿ ಬಿದ್ದ ರಾಶಿಯನ್ನು ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ.

ಮೊದಲ ದಿನ ನಾನು ಸೆರಗನ್ನು ತಲೆಗೆ ಹೊದ್ದು, ಸಾಲಿನ ಕೊನೆಯಲ್ಲಿ, ನೀರಿಗೆ ಹತ್ತಿರವಾಗಿ ನಿಂತೆ. ಸಾಲಿನವರು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ದೊಡ್ಡಮ್ಮ ಮೇಲೆ ಹೈವೇಯ ಬದಿಯ ಕಟ್ಟೆಯಲ್ಲಿ ಕುಳಿತು ಕೆಳಗೇ ನೋಡುತ್ತಿದ್ದುದು ಅವರಿಗೆಲ್ಲ ಕಾಣುತ್ತಿತ್ತು. ಅಣ್ಣ ಮೀನಿನ ಬುಟ್ಟಿ ಹೊತ್ತು ಬಂದವನು ನನ್ನನ್ನು ಕಂಡ. ನಿಂತ. ಆಮೇಲೆ ಬುಟ್ಟಿಯನ್ನು ನನ್ನಿಂದ ಆದಷ್ಟು ದೂರ ಒಯ್ದು ಸುರಿದ. ನಾನು ರೇಟನ್ನು ಬಾಯಲ್ಲಿ ಹೇಳದೆ ಬೆರಳು ಎತ್ತಿ ಏರಿಸಿದೆ. ಒಂದು ರಾಶಿ ನನಗೆ ನಿಂತಿತು, ಸಿಂಬಿ ಇಟ್ಟೆ.

ದೋಣಿಯವರಲ್ಲೊಬ್ಬ ಬಂದು ಅದನ್ನು ಕಾಲಿನಿಂದ ಆಚೆಗೆ ತಳ್ಳಿದ.

"ಇದ್ ಯಾರದ್? ಗಂಡ್ಸ್ರಿಗೆ ಸಿಂಬಿ ಎಂತಕೆ?"

ಕೆಲವರು ನಕ್ಕರು. ಅಣ್ಣ ತಲೆ ಬಗ್ಗಿಸಿ ಹಗ್ಗ ಸುತ್ತುತ್ತಿದ್ದ. ನಾನು ಸಿಂಬಿಯನ್ನು ಹೆಕ್ಕಿಕೊಂಡು ರಸ್ತೆಗೆ ಹತ್ತಿದೆ. ಆಟೋ ಕರೆಯೋಣ ದೊಡ್ಡಮ್ಮ, ಹೋಗೋಣ ಅಂದೆ. ಅವರು ನನ್ನ ಕೈಯಿಂದ ಸಿಂಬಿ ತೆಗೆದುಕೊಂಡು, ಹೊಯ್ಗೆ ಕೊಡವಿ, ವಾಪಸ್ ಕೊಟ್ಟರು.

"ಬಿದ್ರೆ ಮತ್ತೊಂದ್ ಸಲ ಇಡುದ್. ಹೋಗ್, ಮೀನ್ ಬಿಸ್ಲಿಗೆ ಹಾಳಾತ್ತ್."

ಎರಡನೆಯ ಸಲ ಇಟ್ಟಾಗ ಯಾರೂ ತಳ್ಳಲಿಲ್ಲ. ತಾಂಡೇಲರು ನನ್ನ ಮುಖ ನೋಡದೆ, "ಬೇಗ ತುಂಬ್ಸ್ಕೋ" ಅಂದರು. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲಿನ ದಿನಗಳಲ್ಲೂ ಮರವಂತೆ ಹತ್ತಿರವಾದ ಹಾಗೆ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಕಾಣಿಸಿದ ಕೂಡಲೇ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ದೊಡ್ಡಮ್ಮ ಆಟೋದಲ್ಲಿ ಅವಲಕ್ಕಿಯ ಪೊಟ್ಟಣ ಇಟ್ಟುಕೊಂಡಿರುತ್ತಿದ್ದರು, ದಂಡೆಯಿಂದ ಮೇಲೆ ಬಂದ ಮೇಲೆ ಕೊಡುತ್ತಿದ್ದರು.

ಆ ದೋಣಿಗೆ ಇನ್ನೊಂದು ಕಟ್ಟುಪಾಡು ಇತ್ತು. ಉಳಿದ ದೋಣಿಗಳಲ್ಲಿ ಇದೆಯೋ ಇಲ್ಲವೋ ತಿಳಿಯದು, ತಾಂಡೇಲರ ಮನೆತನದಲ್ಲಿ ಹಿಂದಿನಿಂದ ಬಂದದ್ದು. ಹೆಂಗಸು ಆ ದೋಣಿಗೆ ಕಾಲಿಡಬಾರದು. ಇಟ್ಟರೆ ಮರುದಿನ ಬೆಳಿಗ್ಗೆ ಅವಳು ಹೂವು, ತೆಂಗಿನಕಾಯಿ ತರಬೇಕು. ಅವಳ ಮನೆಯ ಗಂಡಸು ಆ ಕಾಯಿಯನ್ನು ದೋಣಿಯ ಮೂತಿಯ ಎದುರು ಒಡೆಯಬೇಕು. ಅಲ್ಲಿಯ ತನಕ ದೋಣಿ ನೀರಿಗಿಳಿಯುವುದಿಲ್ಲ. ಹರೆಯದಲ್ಲಿ ದೊಡ್ಡಮ್ಮನೇ ಒಂದು ಸಲ ಈ ದೋಣಿಗೆ ಹತ್ತಿದ್ದರಂತೆ. ಗಂಡಸರು ಮೀನು ಇಳಿಸಲು ತಡಮಾಡಿದರು ಎಂದು ತಾವೇ ಹತ್ತಿ ಬುಟ್ಟಿ ತುಂಬಿಸಿಕೊಂಡರು. ಕಾಯಿ ಕೇಳಿದ್ದಕ್ಕೆ, "ನಾವ್ ಮಾರಿರೆ ನಿಮ್ಮನಿ ಒಲಿ ಉರಿತ್ತ್. ನಮ್ಮ ಕಾಲ್ ತಾಗಿರೆ ದೋಣಿಗೆ ಎಂತ ಆತ್ತ್?" ಎಂದು ಹೇಳಿ ನಡೆದುಬಿಟ್ಟರು. ಈಗಿನ ತಾಂಡೇಲರ ಅಪ್ಪ ಸೋತು ತಮ್ಮ ಮನೆಯಿಂದಲೇ ಕಾಯಿ ತರಿಸಿ ಒಡೆದರಂತೆ. ದಂಡೆಯ ಹೆಂಗಸರು ಈ ಕಥೆಯನ್ನು ಈಗಲೂ ನಗುತ್ತ ಹೇಳುತ್ತಾರೆ.

ಮಳೆಗಾಲ ಮುಗಿದಿತ್ತು, ಕಡಲು ಇನ್ನೂ ತಣ್ಣಗಾಗಿರಲಿಲ್ಲ. ಅಂಥ ದಿನಗಳಲ್ಲಿ ದೋಣಿ ದಡಕ್ಕೆ ತರುವುದೇ ದೊಡ್ಡ ಕೆಲಸ. ಅಲೆ ಒಡೆಯುವ ಜಾಗದ ಆಚೆ ಕಾದು ನಿಲ್ಲಬೇಕು. ದೊಡ್ಡ ಅಲೆಯೊಂದು ದಾಟಿದ ಕೂಡಲೇ ಅದರ ಬೆನ್ನಿಗೇ ಬರಬೇಕು. ನೀರು ಕಡಿಮೆಯಾದಾಗ ಇಂಜಿನ್ ಎತ್ತಬೇಕು, ಇಲ್ಲದಿದ್ದರೆ ಅದರ ತಿರುಗುವ ಎಲೆ ಹೊಯ್ಗೆಗೆ ಹೊಡೆಯುತ್ತದೆ. ಆಗ ಮುಂದಿನವರು ಹಗ್ಗ ಹಿಡಿದು ಹಾರುತ್ತಾರೆ. ಹಿಂದೆ ಇರುವವನು ಹುಟ್ಟನ್ನು ನೀರಿಗೆ ಒತ್ತಿ ದೋಣಿಯನ್ನು ನೇರ ಇಡುತ್ತಾನೆ. ಅವನು ಕೈಬಿಟ್ಟರೆ ದೋಣಿ ಅಲೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿ ಮಗುಚುತ್ತದೆ, ಎದುರಿಗೆ ಹಗ್ಗ ಹಿಡಿದವರ ಮೇಲೆಯೇ ಬೀಳುತ್ತದೆ.

ಆ ಬೆಳಿಗ್ಗೆ ತಾಂಡೇಲರೂ ಇನ್ನೊಬ್ಬನೂ ಹಗ್ಗ ಹಿಡಿದು ಹಾರಿದರು. ಅಣ್ಣ ಹಿಂದೆ ಇದ್ದ. ಯಾರೂ ನೆನೆಸದ ಒಂದು ಅಲೆ ಹಿಂದಿನಿಂದ ಎದ್ದು ಅವನನ್ನು ಎತ್ತಿ ನೀರಿಗೆ ಹಾಕಿತು. ಅವನ ತಲೆ ನೀರಿನ ಮೇಲೆ ಬಂದದ್ದು ಕಂಡೆ, ಆದರೆ ದೋಣಿಯಿಂದ ದೂರ. ದೋಣಿಯ ಹಿಂಭಾಗ ಎಡಕ್ಕೆ ತಿರುಗತೊಡಗಿತು. ಎದುರಿಗೆ ತಾಂಡೇಲರು ಎದೆಮಟ್ಟದ ನೀರಿನಲ್ಲಿ ಇದ್ದರು.

ಉಪಕಾರ ಮಾಡೋಣ ಎಂದು ನಾನು ಓಡಿದ್ದಲ್ಲ. ದೋಣಿ ತಿರುಗುವುದನ್ನು ನೋಡಿ ಕಾಲು ತಾನೇ ಓಡಿತು, ಅದು ಹಳೆಯ ಅಭ್ಯಾಸ. ಸಿಂಬಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಸೊಂಟದ ನೀರಿನಲ್ಲಿ ದೋಣಿಯ ಅಂಚು ಹಿಡಿದು, ಮೊಣಕಾಲು ಊರಿ ಒಳಗೆ ಬಿದ್ದೆ. ಅಣ್ಣನ ಹುಟ್ಟು ಬಲೆಯ ಮೇಲೆ ಬಿದ್ದಿತ್ತು. ಅದನ್ನು ನೀರಿಗೆ ಇಳಿಸಿ ಎದೆಯಿಂದ ಒತ್ತಿದೆ. ಒತ್ತಿದರೆ ಸಾಲದು, ದಡದವರು ಅದೇ ಹೊತ್ತಿಗೆ ಎಳೆಯಬೇಕು.

"ಈಗ ಎಳೀಬೇಡಿ! ಅಲಿ ಬರ್ಲಿ! ಅಲಿ ಒಟ್ಟಿಗೆ ಎಳೀನಿ!"

ಅದು ನನ್ನದೇ ಸ್ವರ. ನಾನು ಇಷ್ಟು ದಿನ ಗಂಟಲಲ್ಲಿ ಅಡಗಿಸಿಟ್ಟಿದ್ದ ಸ್ವರ ಇಡೀ ದಂಡೆಗೆ ಕೇಳಿತು. ಅಲೆ ಬಂತು, ಎಳೆದರು. ದೋಣಿ ನೇರವಾಗಿ ಹೊಯ್ಗೆ ಹತ್ತಿ ನಿಂತಿತು. ಅಣ್ಣ ಕೆಮ್ಮುತ್ತ, ಅಂಬೆಗಾಲಿನಲ್ಲಿ ದಡಕ್ಕೆ ಬಂದ.

ಆಗ ನನಗೆ ನಾನು ಎಲ್ಲಿ ನಿಂತಿದ್ದೇನೆ ಎಂದು ತಿಳಿಯಿತು. ಸೆರಗು ಬಿದ್ದುಹೋಗಿತ್ತು, ರವಿಕೆ ಮೈಗೆ ಅಂಟಿತ್ತು, ಕೈಯಲ್ಲಿ ಹುಟ್ಟು ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಡಲಿನಲ್ಲಿ ಆಗದ ಹೆದರಿಕೆ ಆಗ ಆಯಿತು. ಹುಟ್ಟನ್ನು ಬಲೆಯ ಮೇಲೆ ಇಟ್ಟು ದೋಣಿಯಿಂದ ಇಳಿದೆ.

ತಾಂಡೇಲರು ದೋಣಿಗೆ ಒಂದು ಸುತ್ತು ಬಂದು, ಹಲಗೆಗಳನ್ನು ತಟ್ಟಿ ನೋಡಿದರು.

"ಹೆಂಗ್ಸ್ ಹತ್ತಿದ್ ದೋಣಿ" ಅಂದರು. "ನಾಳೆ ಕಾಯಿ ಒಡೀದೆ ಇಳ್ಸುಕಿಲ್ಲೆ."

ಸಿಂಬಿ ತಳ್ಳಿದ್ದವನು ನಕ್ಕ. "ಎಂತ ಕಾಯಿ ತಾಂಡೇಲ್ರೆ? ಆ ಸ್ವರ ಕೇಂಡ್ರಲೆ? ಗಂಡ್ಸ್ ಹತ್ತಿರೆ ಕಾಯಿ ಎಂತಕೆ?"

ಗಲಾಟೆ ಶುರುವಾಯಿತು. ಕಾಯಿ ಬೇಕು ಎಂದರು ಕೆಲವರು, ಬೇಡ ಎಂದರು ಕೆಲವರು. ಸಾಲಿನ ಹಿರಿಯ ಹೆಂಗಸೊಬ್ಬರು ನನ್ನ ಹತ್ತಿರ ಬಂದು, ಸೆರಗನ್ನು ಎತ್ತಿ ಹೆಗಲಿಗೆ ಹಾಕಿದರು. ಕಿವಿಯ ಹತ್ತಿರ ಮೆಲ್ಲಗೆ, "ಗಂಡ್ಸ್ ಅಂದೇಳ್ ಹೇಳ್ಬಿಡ್ ಮಾರಾಯ್ತಿ. ಇಲ್ಲಿಗೇ ಮುಗ್ದ್ ಹೋತ್ತ್" ಅಂದರು. ಒಳ್ಳೆಯದಕ್ಕೇ ಹೇಳಿದರು. ಒಂದು ಮಾತು ಹೇಳಿದರೆ ದೋಣಿಗೆ ದೋಷವಿಲ್ಲ, ನನಗೆ ಪೆಟ್ಟಿಲ್ಲ, ಎಲ್ಲರೂ ಮೀನಿನ ಕೆಲಸಕ್ಕೆ ಹೋಗುತ್ತಾರೆ.

ತಾಂಡೇಲರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಹತ್ತಿದ್ದ್ ಅವ್ಳ್. ಅವ್ಳೇ ಹೇಳ್ಲಿ. ಕಾಯಿ ಬೇಕಾ, ಬ್ಯಾಡ್ದಾ?"

ಅಣ್ಣ ಹೊಯ್ಗೆಯಲ್ಲಿ ಕುಳಿತು ನನ್ನನ್ನು ನೋಡುತ್ತಿದ್ದ. ನಾನು ರಸ್ತೆಯ ಕಡೆ ನೋಡಿದೆ. ಕಟ್ಟೆಯ ಮೇಲೆ ದೊಡ್ಡಮ್ಮ ಇರಲಿಲ್ಲ. ಆ ಮಂಡಿ ಇಟ್ಟುಕೊಂಡು ಅವರು ಅರ್ಧ ಹೊಯ್ಗೆ ಇಳಿದು ಬಂದಿದ್ದರು. ಈ ಕಾಯಿಯ ಮಾತು ಬಂದರೆ ದಂಡೆ ಹಾರಿಹೋಗುವ ಹಾಗೆ ಜಗಳ ಮಾಡುವ ಹೆಂಗಸು ಬಾಯಿ ಮುಚ್ಚಿ ನಿಂತಿದ್ದರು. ನನ್ನ ಬಾಯಿಯಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದರು.

"ಕಾಯಿ ತತ್ತೆ" ಅಂದೆ. ಸ್ವರ ದಪ್ಪವಾಗಿಯೇ ಬಂತು, ತೆಳ್ಳಗೆ ಮಾಡಲು ಹೋಗಲಿಲ್ಲ.

ಆ ದಿನ ಪೂರಾ ಕಳೆದದ್ದು ಹೆದರಿಕೆಯಲ್ಲಿ. ಮೀನು ಕೊಯ್ಯುವಾಗ ಕೈ ಕೊಯ್ದುಕೊಂಡೆ. ಕಾಯಿ ತರುವುದು ಸುಲಭ, ಒಡೆಯುವವರು ಯಾರು? ನನ್ನ ಮನೆಯ ಗಂಡಸು ಎಂದರೆ ಭೂಮಿಯ ಮೇಲೆ ಇದ್ದವನು ಒಬ್ಬನೇ. ಅವನು ಒಡೆಯದಿದ್ದರೆ ದೋಣಿ ದಡದಲ್ಲೇ ಉಳಿಯುತ್ತದೆ, ಅಷ್ಟು ಮನೆಯವರ ಹೊಟ್ಟೆಯ ಶಾಪ ನನಗೆ. ದೊಡ್ಡಮ್ಮನ ಅಳಿಯನನ್ನು ಕೇಳೋಣವೇ ಅಂದೆ. ಅವರು ಬೇಡ ಅಂದರು. ಯಾಕೆ ಎಂದು ಹೇಳಲಿಲ್ಲ.

ಬೆಳಿಗ್ಗೆ ಅವರೇ ತಮ್ಮ ಹಿತ್ತಿಲಿನ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಾಡಿಸಿ, ನೀರು ಚೆನ್ನಾಗಿರುವ ಒಂದನ್ನು ಆರಿಸಿದರು. ನನ್ನ ಜಡೆಗೆ ಅಬ್ಬಲಿಗೆ ಹೂವು ಮುಡಿಸಿದರು. ಕಾಯಿಯನ್ನು ಆಟೋ ನಿಲ್ಲುವ ತನಕ ತಮ್ಮ ಮಡಿಲಲ್ಲೇ ಇಟ್ಟುಕೊಂಡರು.

ಆ ದಿನ ಅವರೂ ನನ್ನ ಜೊತೆ ಪೂರಾ ಕೆಳಗಿಳಿದರು. ದಂಡೆಯಲ್ಲಿ ಹರಾಜಿನ ದಿನಕ್ಕಿಂತ ಹೆಚ್ಚು ಜನ ಇದ್ದರು. ನಾನು ದೋಣಿಯ ಮೂತಿಗೆ ನೀರು ಎರೆದೆ, ಹೂವು ಇಟ್ಟೆ. ಕಾಯಿ ಹಿಡಿದು ನಿಂತೆ.

"ಒಡೂಕೆ ಯಾರ್?" ತಾಂಡೇಲರು ಕೇಳಿದರು.

ದೊಡ್ಡಮ್ಮ ಕಡಲನ್ನು ನೋಡುತ್ತ ನಿಂತಿದ್ದರು, ಅಣ್ಣನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನನಗೆ ಓಡಿಹೋಗಬೇಕು ಅನ್ನಿಸಿತು. ಮುಂಬಯಿಯಲ್ಲಿ ಪೊಲೀಸರ ಎದುರು ನಿಂತಾಗಲೂ ಅಷ್ಟು ಹೆದರಿರಲಿಲ್ಲ. ಅಲ್ಲಿ ನನಗೆ ಯಾರಿಂದಲೂ ಏನೂ ಬೇಕಾಗಿರಲಿಲ್ಲ, ಇಲ್ಲಿ ಬೇಕಾಗಿತ್ತು.

ಅಣ್ಣ ಹಗ್ಗ ಕೆಳಗಿಟ್ಟ. ನಡೆದು ಬಂದ. ಕಾಲಿಗೆ ಹೊಡೆಯುತ್ತಾನೆ ಎಂದೇ ನಾನು ಕಣ್ಣು ಮುಚ್ಚಿದೆ. ಕೈಯಲ್ಲಿದ್ದ ಕಾಯಿ ಹಗುರವಾಯಿತು. ಕಣ್ಣು ತೆರೆದಾಗ ಅವನು ಅದನ್ನು ದೋಣಿಗೆ ಮೂರು ಸುತ್ತು ತೋರಿಸಿ, ಕಲ್ಲಿಗೆ ಹಾಕಿ ಒಡೆಯುತ್ತಿದ್ದ. ಒಂದೇ ಪೆಟ್ಟಿಗೆ ಎರಡು ಹೋಳಾಯಿತು. ಒಂದು ಹೋಳನ್ನು ಮೂತಿಯ ಮೇಲೆ ಇಟ್ಟ. ಇನ್ನೊಂದನ್ನು ನನ್ನ ಬುಟ್ಟಿಗೆ ಹಾಕಿದ. ಮುಖ ನೋಡಲಿಲ್ಲ.

"ಹೊತ್ತಾಯ್ತ್, ಇಳ್ಸುವ" ಅಂದ ತಾಂಡೇಲರಿಗೆ.

ಅಣ್ಣ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ಮೀನಿನ ಬುಟ್ಟಿಯನ್ನು ದೂರಕ್ಕೆ ಒಯ್ದು ಸುರಿಯುವುದಿಲ್ಲ. ನಾನು ನಿಂತಲ್ಲೇ ಸುರಿಯುತ್ತಾನೆ.

ಕಾಯಿ ಒಡೆದ ದಿನವೇ, ದೋಣಿ ಮೀನು ತಂದ ಮೇಲೆ, ಗುಲ್ವಾಡಿಯಲ್ಲಿ ಮೊದಲ ಗೇಟಿನ ಹತ್ತಿರ ನಿಂತು ಕೂಗಿದೆ. "ಮೀನ್ ಬೇಕೇ ಮೀನ್" ಎಂದದ್ದು ಹೊಳೆಯ ಆಚೆಗೂ ಕೇಳಿರಬೇಕು. ಒಳಗಿನಿಂದ ಒಬ್ಬಾಕೆ ತಟ್ಟೆ ಹಿಡಿದು ಬಂದು, "ಇಷ್ಟ್ ದಿವ್ಸ ಎಲ್ಲಿದ್ದೆ? ನೀ ಬಪ್ಪುದೇ ಗೊತ್ತಾತಿರ್ಲಿಲ್ಲೆ" ಅಂದರು. ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಬಂದೆ. ದೊಡ್ಡಮ್ಮ ಆ ಅರ್ಧ ಕಾಯಿಯನ್ನು ಬಂಗುಡೆಯ ಸಾರಿಗೆ ಹೆರೆಯುತ್ತಿದ್ದರು.

ನಾನು ಅವರ ಕಾಲ ಹತ್ತಿರ ಕುಳಿತೆ. ಏನೋ ಹೇಳಬೇಕಿತ್ತು. ನೀವು ಇಲ್ಲದಿದ್ದರೆ ನಾನು ಇಲ್ಲ ಎಂಬಂಥದ್ದು. ಹೇಳಹೊರಟರೆ ಅಳು ಬಂತು, ಅದಕ್ಕೆ ಬೇರೇನೋ ಕೇಳಿದೆ.

"ನೀವ್ ಆ ಕಾಯಿ ಕೊಡದೆ ಜಗಳ ಮಾಡಿದವ್ರ್. ನಿನ್ನೆ ಎಂತಕೆ ಸುಮ್ನಿದ್ರಿ?"

"ಅದ್ ಕೆಟ್ಟ ಕ್ರಮವೇ. ಈಗ್ಳೂ ಹೇಳ್ತೆ" ಅಂದರು, ಹೆರೆಯುವುದನ್ನು ನಿಲ್ಲಿಸದೆ. "ಅದ್ ನನ್ನ ಜಗಳ ಹೆಣ್ಣೇ. ನಾನ್ ಹೆಂಗ್ಸ್ ಅಂದೇಳ್ ಊರಿಗೆಲ್ಲ ಗೊತ್ತಿತ್ತ್, ಜಗಳ ಮಾಡಿದೆ. ನಿನ್ನದ್ ಮೊದ್ಲ್ ಊರಿಗೆ ಗೊತ್ತಾಯ್ಕಿತ್ತಲೆ."

ನಾನು ಕಣ್ಣು ಒರೆಸಿಕೊಂಡೆ. ಅವರು ಕೊನೆಯ ಚೂರನ್ನೂ ಹೆರೆದು, ಗೆರಟೆಯನ್ನು ಒಲೆಗೆ ಹಾಕಿದರು. ಆಮೇಲೆ ಕಾಯಿ ಹೆರೆದ ಕೈಯನ್ನೇ ನನ್ನ ಮುಖದ ಎದುರು ಆಡಿಸಿದರು.

"ಗೊತ್ತಾಯ್ತ್, ಸಾಕ್. ಇನ್ನೊಂದ್ ಸಲ ಆ ದೋಣಿ ಹತ್ತಿ ಕಾಯಿ ಹಿಡ್ಕಂಡ್ ಹೋದ್ರೆ ಕಾಣ್."